ಹುಡುಗರು ಕಟ್ಟಿದ ಗಾಡಿ ಓಡಿಸಿ ನೋಡಲು ಒಂದು ಜಾಗ ಕೊಡಿ: ಸಾರಿಗೆ ಆಯುಕ್ತರಿಗೊಂದು ಬಹಿರಂಗ ಪತ್ರ

ಗೆ,
ಸಾರಿಗೆ ಆಯುಕ್ತರು,
ಕರ್ನಾಟಕ ಸರ್ಕಾರ, ಶಾಂತಿನಗರ, ಬೆಂಗಳೂರು

ಪ್ರತಿ: ಕುಲಪತಿಗಳು, ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, ಬೆಳಗಾವಿ

ಮಾನ್ಯರೇ,

ಪೀಣ್ಯದಲ್ಲಿ ನನ್ನದೊಂದು ಗ್ಯಾರೇಜ್ ಇದೆ. ಹಿಂದುಗಡೆ ಒಂದು ಲೇತ್, ಒಂದು ಡ್ರಿಲ್ಲಿಂಗ್ ಮೆಷಿನ್ ಇಟ್ಟುಕೊಂಡಿದ್ದೇನೆ. ಸುತ್ತಮುತ್ತಲ ಎಂಜಿನಿಯರಿಂಗ್ ಕಾಲೇಜುಗಳ ಹುಡುಗ ಹುಡುಗಿಯರು ಕಾಂಪಿಟಿಷನ್‌ಗೆ ಗಾಡಿ ಮಾಡುವಾಗ ನಮ್ಮಲ್ಲಿಗೆ ಬರುತ್ತಾರೆ. ಪೆಟ್ರೋಲ್ ಕಾರನ್ನು ಎಥನಾಲ್‌ಗೆ, ಅಂದರೆ ಮದ್ಯಸಾರಕ್ಕೆ ಬದಲಾಯಿಸುವುದು, ಡೀಸೆಲ್ ಎಂಜಿನ್ ಅನ್ನು ಹೊಂಗೆ ಎಣ್ಣೆಯ ಬಯೋಡೀಸೆಲ್‌ನಲ್ಲಿ ಓಡಿಸುವುದು, ಇಂಥ ಕೆಲಸ. ಅವರ ಪರವಾಗಿ ನಿಮ್ಮನ್ನು ಕೇಳುತ್ತಿರುವುದು ಇಷ್ಟೇ: ಅವರು ಬದಲಾಯಿಸಿದ ಗಾಡಿಯನ್ನು ಓಡಿಸಿ ನೋಡಲು ಕಾನೂನು ಒಪ್ಪುವ ಒಂದು ಜಾಗ ಕೊಡಿ, ಕೈಯಲ್ಲಿ ಹಿಡಿದುಕೊಳ್ಳಲು ಒಂದು ಕಾಗದ ಕೊಡಿ.

ಈಗ ಎರಡೂ ಇಲ್ಲ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಏನು ಹೇಳುತ್ತದೆ ಅನ್ನುವುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ತಯಾರಕರು ಕೊಟ್ಟ ರೂಪಕ್ಕಿಂತ ಗಾಡಿ ಬೇರೆ ಆಗಬಾರದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಅನುಮತಿಯಿಲ್ಲದ ಪ್ರತಿ ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಎಂದು ಬಂತು. ಬೇರೆ ಇಂಧನಕ್ಕೆ ಹೋಗುವವರಿಗೆ ಅದೇ ಸೆಕ್ಷನ್‌ನಲ್ಲಿ ಒಂದು ಬಾಗಿಲು ಇದೆ, ಇಲ್ಲ ಅನ್ನುತ್ತಿಲ್ಲ. ಆದರೆ ಅದು ಅನುಮೋದನೆ ಪಡೆದ ಕಿಟ್ ಹಾಕಿಸುವವರ ಬಾಗಿಲು. ಕಿಟ್ ಮಾಡುವ ಕಂಪನಿ ಪುಣೆಯ ಎಆರ್‌ಎಐ ಅಥವಾ ಮಾನೇಸರದ ಐಕ್ಯಾಟ್‌ನಂಥ ವಾಹನ ಪರೀಕ್ಷಾ ಸಂಸ್ಥೆಯಲ್ಲಿ ಪರೀಕ್ಷೆ ಮಾಡಿಸಿ, ದುಡ್ಡು ಕಟ್ಟಿ, ಸಾವಿರಾರು ಕಿಟ್ ಮಾರುವ ಲೆಕ್ಕದಲ್ಲಿ ಅನುಮೋದನೆ ತರುತ್ತದೆ. ಒಂದೇ ಒಂದು ಗಾಡಿ ಬದಲಾಯಿಸಿ, ಅಳೆದು, ವರದಿ ಬರೆದು, ಬಿಚ್ಚಿಡುವ ಹುಡುಗನಿಗೆ ಅಲ್ಲಿ ಜಾಗವೇ ಇಲ್ಲ.

ಹಾಗಾಗಿ ಏನಾಗುತ್ತದೆ ಅಂದರೆ, ಇವರು ಊರ ಹೊರಗಿನ ಯಾವುದೋ ಹೊಸ ಬಡಾವಣೆಗೆ ರಾತ್ರಿ ಹೊತ್ತು ಗಾಡಿಯನ್ನು ಎಳೆದುಕೊಂಡು ಹೋಗುತ್ತಾರೆ. ಮನೆಗಳು ಇನ್ನೂ ಎದ್ದಿರುವುದಿಲ್ಲ, ರಸ್ತೆ ಅಗಲವಾಗಿರುತ್ತದೆ, ಬೀದಿದೀಪ ಇರುವುದಿಲ್ಲ. ಒಮ್ಮೆ ನಾನೂ ಜೊತೆಯಲ್ಲಿದ್ದೆ. ಬೀಟ್ ಪೊಲೀಸರು ಬಂದರು. ಅವರು ಒಳ್ಳೆಯ ಮನುಷ್ಯರೇ. ಬಾನೆಟ್ ತೆಗೆಸಿ ನೋಡಿದರು, ಆಸಕ್ತಿಯಿಂದ ಕೇಳಿದರು. ಕೊನೆಗೆ, 'ಇದಕ್ಕೆ ಪೇಪರ್ ಏನಿದೆ ತೋರಿಸಿ' ಅಂದರು. ತೋರಿಸಲು ಏನೂ ಇರಲಿಲ್ಲ. ಇನ್ಶೂರೆನ್ಸ್ ಇತ್ತು, ಆದರೆ ಅದು ಪೆಟ್ರೋಲ್ ಗಾಡಿಯ ಇನ್ಶೂರೆನ್ಸ್. ಏನಾದರೂ ಆಗಿದ್ದರೆ ಅದು ಉಪಯೋಗಕ್ಕೆ ಬರುತ್ತಿತ್ತಾ ಅನ್ನುವುದು ಆ ರಾತ್ರಿ ಅಲ್ಲಿದ್ದ ಯಾರಿಗೂ ತಿಳಿಯಲಿಲ್ಲ.

'ಕಾಲೇಜಿನ ಲ್ಯಾಬಿನಲ್ಲೇ ಪರೀಕ್ಷೆ ಮಾಡಿಕೊಳ್ಳಲಿ, ರಸ್ತೆ ಯಾಕೆ?' ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಿಮ್ಮಲ್ಲೂ ಮೆಕ್ಯಾನಿಕಲ್ ಓದಿದ ಇನ್‌ಸ್ಪೆಕ್ಟರ್‌ಗಳು ಬೇಕಾದಷ್ಟು ಜನ ಇದ್ದಾರೆ, ಅವರಿಗೆ ಇದು ಹೊಸದಲ್ಲ.

ವಿ.ಟಿ.ಯು. ಕಾಲೇಜುಗಳ ಎಂಜಿನ್ ಲ್ಯಾಬಿಗೆ ಹೋದರೆ ಕಾಣುವುದು ಸಾಮಾನ್ಯವಾಗಿ ಕಿರ್ಲೋಸ್ಕರ್ ಸಿಂಗಲ್ ಸಿಲಿಂಡರ್ ಡೀಸೆಲ್ ಎಂಜಿನ್. ನಿಮಿಷಕ್ಕೆ 1500 ಸುತ್ತು, ಅದೇ ವೇಗ, ಬೆಳಗ್ಗೆಯಿಂದ ಸಂಜೆವರೆಗೆ. ಹೊಲಕ್ಕೆ ನೀರೆತ್ತಲು ಹುಟ್ಟಿದ ಎಂಜಿನ್ ಅದು, ಬಹಳ ಗಟ್ಟಿ. ಆದರೆ ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ನಿಂತು, ಹತ್ತಡಿ ಮುಂದೆ ಹೋಗಿ, ಮತ್ತೆ ನಿಂತು, ಫ್ಲೈಓವರ್ ಹತ್ತುವ ಕಾರಿನ ಕಷ್ಟ ಅದಕ್ಕೆ ಗೊತ್ತಿಲ್ಲ. ಇಂಧನ ಬದಲಾಯಿಸಿದಾಗ ತೊಂದರೆಗಳು ಹುಟ್ಟುವುದು ಈ ಏರಿಳಿತದಲ್ಲೇ.

ಒಂದು ಹಳೆ ಮಾರುತಿ 800 ಅನ್ನೇ ತೆಗೆದುಕೊಳ್ಳಿ. 796 ಸಿಸಿ, ಮೂರು ಸಿಲಿಂಡರ್, ಬಿಡಿಭಾಗಗಳು ಜೆ.ಸಿ. ರಸ್ತೆಯಲ್ಲಿ ಇವತ್ತಿಗೂ ಸಿಗುತ್ತವೆ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಗಾಡಿ ಇಲ್ಲ. ಒಂದು ಪಾಲು ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ 14.7 ಪಾಲು ಗಾಳಿ ಬೇಕು. ಎಥನಾಲ್‌ಗೆ 9 ಪಾಲು ಸಾಕು, ಯಾಕೆಂದರೆ ಆಮ್ಲಜನಕದ ಒಂದಷ್ಟು ಅಂಶ ಅದರೊಳಗೇ ಇದೆ. ಅಂದರೆ ಅಷ್ಟೇ ಗಾಳಿಗೆ ಸುಮಾರು ಒಂದೂವರೆ ಪಟ್ಟಿಗಿಂತ ಜಾಸ್ತಿ ಎಥನಾಲ್ ಹರಿಯಬೇಕು. ಕಾರ್ಬ್ಯುರೇಟರ್ ಗಾಡಿಯಾದರೆ ಇಂಧನ ಹರಿಯುವ ಜೆಟ್‌ನ ತೂತಿನ ಅಗಲವನ್ನು ಸುಮಾರು ಕಾಲು ಭಾಗ ಹೆಚ್ಚಿಸಬೇಕು. ಇಂಜೆಕ್ಷನ್ ಗಾಡಿಯಾದರೆ ದೊಡ್ಡ ಇಂಜೆಕ್ಟರ್ ಹಾಕಬೇಕು ಅಥವಾ ಎಂಜಿನ್ ನಡೆಸುವ ಪುಟ್ಟ ಕಂಪ್ಯೂಟರ್ ಆದ ಇಸಿಯುಗೆ ಹೊಸ ಲೆಕ್ಕ ಕಲಿಸಬೇಕು. ಕಲಿಸದೆ ಬಿಟ್ಟರೆ ಆಕ್ಸಿಜನ್ ಸೆನ್ಸರ್ 'ಇಂಧನ ಸಾಲದು' ಅನ್ನುತ್ತಲೇ ಇರುತ್ತದೆ, ಇಸಿಯು ತನ್ನ ಮಿತಿಯವರೆಗೂ ಹೆಚ್ಚಿಸಿ ಕೈಚೆಲ್ಲುತ್ತದೆ, ಚೆಕ್ ಎಂಜಿನ್ ದೀಪ ಹತ್ತುತ್ತದೆ.

ಇಷ್ಟು ಸುಲಭದ ಭಾಗ. ಒಂದು ಲೀಟರ್ ಪೆಟ್ರೋಲ್‌ನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿ ಇದೆ, ಎಥನಾಲ್‌ನಲ್ಲಿ 21. ಮೈಲೇಜ್ ಬಿದ್ದೇ ಬೀಳುತ್ತದೆ. ಆದರೆ ಎಥನಾಲ್‌ನ ಆಕ್ಟೇನ್ ಜಾಸ್ತಿ, ಬೇಗ ನಾಕ್ ಹೊಡೆಯುವುದಿಲ್ಲ, ಅಂದರೆ ಒತ್ತಡಕ್ಕೆ ತಾನಾಗಿಯೇ ಹೊತ್ತಿಕೊಂಡು ಎಂಜಿನ್ ಕುಟ್ಟುವುದಿಲ್ಲ. ಅದಕ್ಕೇ ಹುಡುಗರು ಹೆಡ್ ಅನ್ನು ಸ್ವಲ್ಪ ಸ್ವಲ್ಪವೇ ಮಿಲ್ಲಿಂಗ್ ಮಾಡಿಸಿ ಕಂಪ್ರೆಷನ್ ಏರಿಸುತ್ತಾರೆ. ಸುಮಾರು 9ಕ್ಕೆ 1 ಇದ್ದ ಅನುಪಾತವನ್ನು 11ಕ್ಕೆ 1ರ ಹತ್ತಿರ ತರುತ್ತಾರೆ. ಕಳೆದುಕೊಂಡ ಮೈಲೇಜ್‌ನಲ್ಲಿ ಒಂದು ಪಾಲು ವಾಪಸ್ ಬರುತ್ತದೆ. ಎಷ್ಟು ತೆಗೆಯಬೇಕು, ಇಗ್ನಿಷನ್ ಎಷ್ಟು ಮುಂದಕ್ಕೆ ತರಬೇಕು ಅನ್ನುವುದು ಯಾವ ಪುಸ್ತಕದಲ್ಲೂ ನಿಮ್ಮ ಗಾಡಿಗೆ ಸರಿಹೊಂದುವ ಹಾಗೆ ಬರೆದಿರುವುದಿಲ್ಲ. ಓಡಿಸಬೇಕು, ಕೇಳಿಸಿಕೊಳ್ಳಬೇಕು, ಪ್ಲಗ್ ಬಿಚ್ಚಿ ಬಣ್ಣ ನೋಡಬೇಕು, ಮತ್ತೆ ಓಡಿಸಬೇಕು.

ಆಮೇಲೆ ಚಳಿ. ಎಥನಾಲ್ ಆವಿಯಾಗಲು ಪೆಟ್ರೋಲ್‌ಗಿಂತ ಎರಡು ಪಟ್ಟಿಗೂ ಜಾಸ್ತಿ ಶಾಖ ಕೇಳುತ್ತದೆ. ಡಿಸೆಂಬರ್ ಬೆಳಗ್ಗೆ ಬೆಂಗಳೂರಿನ 15 ಡಿಗ್ರಿಯಲ್ಲೇ ಶುದ್ಧ ಎಥನಾಲ್ ಗಾಡಿ ಸ್ಟಾರ್ಟ್ ಆಗಲು ಮೊಂಡು ಹಿಡಿಯುತ್ತದೆ. ಬ್ರೆಜಿಲ್‌ನವರು 1979ರಿಂದಲೇ ಎಥನಾಲ್ ಕಾರು ಮಾರುತ್ತಿದ್ದಾರೆ. ಅವರು ಬಾನೆಟ್ ಕೆಳಗೆ ಪುಟ್ಟ ಪೆಟ್ರೋಲ್ ಡಬ್ಬಿ ಇಟ್ಟು, ಸ್ಟಾರ್ಟ್ ಮಾಡಲು ಮಾತ್ರ ಅದನ್ನು ಬಳಸುತ್ತಿದ್ದರು. ಇನ್ನು ರಬ್ಬರ್ ಪೈಪು, ಗ್ಯಾಸ್ಕೆಟ್, ಟ್ಯಾಂಕ್ ಒಳಗಿನ ಲೇಪ ಇವೆಲ್ಲ ಎಥನಾಲ್‌ಗೆ ಒಗ್ಗುತ್ತವಾ ಅನ್ನುವುದು ತಿಂಗಳುಗಟ್ಟಲೆ ಓಡಿದ ಮೇಲೇ ಗೊತ್ತಾಗುವುದು. ಹಳೆ ಟ್ಯಾಂಕಿನ ತುಕ್ಕೆಲ್ಲ ಸಡಿಲವಾಗಿ ಫಿಲ್ಟರ್‌ಗೆ ಬಂದು ಕೂರುತ್ತದೆ. ಗಾಳಿಯ ತೇವವನ್ನೂ ಅದು ಎಳೆದುಕೊಳ್ಳುತ್ತದೆ. ಇದನ್ನೆಲ್ಲ ಕಿರ್ಲೋಸ್ಕರ್ ಎಂಜಿನ್ ಮುಂದೆ ನಿಂತು ಕಲಿಯಲು ಆಗುವುದಿಲ್ಲ ಸಾರ್.

ಈ ಕಲಿಕೆ ಯಾರಿಗೆ ಬೇಕು ಅಂದರೆ, ನಮಗೆಲ್ಲರಿಗೂ ಬೇಕು. 2023ರ ಫೆಬ್ರುವರಿ 6ರಂದು ಪ್ರಧಾನಿಯವರು ಶೇಕಡಾ 20 ಎಥನಾಲ್ ಬೆರೆತ ಇ20 ಪೆಟ್ರೋಲ್ ಅನ್ನು ದೇಶಕ್ಕೆ ಬಿಡುಗಡೆ ಮಾಡಿದ್ದು ನಮ್ಮ ಬೆಂಗಳೂರಿನಲ್ಲೇ. ಈಗ ಊರಿನ ಪ್ರತಿ ಬಂಕ್‌ನಲ್ಲೂ ಎಥನಾಲ್ ಬೆರೆತ ಪೆಟ್ರೋಲೇ ಸಿಗುವುದು. ನನ್ನ ಗ್ಯಾರೇಜ್‌ಗೆ ದಿನವೂ ಯಾರಾದರೂ ಬಂದು 'ಅಣ್ಣಾ, ನನ್ನ ಹಳೆ ಗಾಡಿಗೆ ಇದು ಆಗುತ್ತಾ? ಮೈಲೇಜ್ ಯಾಕೆ ಕಡಿಮೆ ಆಯ್ತು?' ಅಂತ ಕೇಳುತ್ತಾರೆ. ವಾಟ್ಸಾಪ್‌ನಲ್ಲಿ ಬಂದದ್ದನ್ನು ನಂಬುವವರು ಒಂದು ಕಡೆ, ಏನೂ ಆಗುವುದಿಲ್ಲ ಅನ್ನುವವರು ಇನ್ನೊಂದು ಕಡೆ. ಇದೇ ಊರಿನ ಮಕ್ಕಳು ಇದೇ ಊರಿನ ಹಳೆ ಗಾಡಿಗಳ ಮೇಲೆ ಅಳೆದು ತೋರಿಸಿದರೆ ಆ ಮಾತಿಗೆ ಬೇರೆಯೇ ಬೆಲೆ ಇರುತ್ತದೆ, ಅಲ್ವಾ?

ನಮ್ಮ ನಾಡಿಗೆ ಈ ಕೆಲಸ ಹೊಸತೂ ಅಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲ್ ಸಿಗದೆ ಬಸ್ಸುಗಳ ಹಿಂದೆ ಇದ್ದಿಲಿನ ಗ್ಯಾಸ್ ಪ್ಲಾಂಟ್ ಕಟ್ಟಿಕೊಂಡು ಓಡಿಸಿದವರು ನಮ್ಮ ಹಿರಿಯರು. ಹೊರಡುವ ಮೊದಲು ಕ್ಲೀನರ್ ಕೈಯಲ್ಲಿ ಬ್ಲೋಯರ್ ತಿರುಗಿಸುತ್ತಾ ಕೂರಬೇಕಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯವರು 1988ರಲ್ಲಿ ತುಮಕೂರು ಜಿಲ್ಲೆಯ ಹೊಸಹಳ್ಳಿಯಲ್ಲಿ ಸೌದೆಯ ಗ್ಯಾಸ್‌ನಿಂದ ಎಂಜಿನ್ ಓಡಿಸಿ ದೀಪ ಹತ್ತಿಸಿದರು. ಅದೇ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರು ಹೊಂಗೆ ಎಣ್ಣೆಯಿಂದ ಡೀಸೆಲ್ ಎಂಜಿನ್ ಓಡುತ್ತದೆ ಎಂದು ಹಳ್ಳಿಗಳಲ್ಲೇ ಮಾಡಿ ತೋರಿಸಿದರು. ಹಾಸನದ ಹತ್ತಿರ ಮಡೆನೂರಿನಲ್ಲಿ ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಉದ್ಯಾನವೇ ಇದೆ. ಹೊಂಗೆ ಮರ ಬೆಂಗಳೂರಿನ ಬೀದಿ ಬೀದಿಯಲ್ಲಿದೆ. ಅದರ ಕಾಯಿಯನ್ನು ನಾವು ಗುಡಿಸಿ ಕಸಕ್ಕೆ ಹಾಕುತ್ತೇವೆ.

ಚೇತನ್ ಮೈನಿ ಅವರ ಕತೆಯನ್ನೂ ಇಲ್ಲಿ ಹೇಳಬೇಕು. ಅವರು ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಯಾಗಿದ್ದಾಗ ಸನ್‌ರನ್ನರ್ ಎಂಬ ಸೌರ ಕಾರಿನ ತಂಡದಲ್ಲಿದ್ದರು. 1990ರಲ್ಲಿ ಆ ಕಾರು ಅಮೆರಿಕದ ಸನ್‌ರೇಸ್ ಸ್ಪರ್ಧೆ ಗೆದ್ದಿತು. ಅದೇ ವರ್ಷ ಆಸ್ಟ್ರೇಲಿಯಾದ ಡಾರ್ವಿನ್‌ನಿಂದ ಅಡಿಲೇಡ್‌ವರೆಗಿನ ಓಟದಲ್ಲಿ ಮೂರನೆಯದಾಗಿ ಬಂತು. ಆ ಹುಡುಗ ಬೆಂಗಳೂರಿಗೆ ವಾಪಸ್ ಬಂದ ಮೇಲೆ 2001ರಲ್ಲಿ ರೇವಾ ಎಂಬ ವಿದ್ಯುತ್ ಕಾರು ರಸ್ತೆಗೆ ಇಳಿಯಿತು. ಲಂಡನ್ನಿನಲ್ಲೂ ಓಡಿತು. 2017ರಲ್ಲಿ ದೇಶದಲ್ಲೇ ಮೊದಲು ವಿದ್ಯುತ್ ವಾಹನ ನೀತಿ ತಂದ ರಾಜ್ಯ ನಮ್ಮದು ಎಂದು ನಾವು ಹೇಳಿಕೊಳ್ಳುತ್ತೇವೆ. ಆದರೆ ನಮ್ಮ ಮೈನಿ ಕಲಿತ ಸ್ಪರ್ಧೆ ನಡೆದದ್ದು ಬೇರೆ ದೇಶದ ಹೆದ್ದಾರಿಯಲ್ಲಿ.

ಅಮೆರಿಕದವರು ಇದನ್ನು ಹೇಗೆ ಮಾಡಿದರು ಅನ್ನುವುದು ನಿಮಗೆ ಉಪಯೋಗಕ್ಕೆ ಬರಬಹುದು. ಅಲ್ಲಿನ ಇಂಧನ ಇಲಾಖೆ, ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯ ಮತ್ತು ಕಾರು ಕಂಪನಿಗಳು ಸೇರಿ 1980ರ ದಶಕದ ಕೊನೆಯಿಂದ ವಿದ್ಯಾರ್ಥಿಗಳಿಗೆ ಇಂಥ ಸ್ಪರ್ಧೆ ನಡೆಸುತ್ತಿವೆ. ಮೊದಲು ಮೆಥನಾಲ್, ಆಮೇಲೆ ನೈಸರ್ಗಿಕ ಅನಿಲ, ಪ್ರೊಪೇನ್, 1998ರಿಂದ 2000ದವರೆಗೆ ಎಥನಾಲ್, ಇವುಗಳ ನಡುವೆಯೇ ಪೆಟ್ರೋಲ್ ಜೊತೆ ಬ್ಯಾಟರಿಯೂ ಇರುವಂಥ ಹೈಬ್ರಿಡ್. ಹಲವು ಸ್ಪರ್ಧೆಗಳಲ್ಲಿ ಎಲ್ಲ ಕಾಲೇಜಿಗೂ ಒಂದೇ ಮಾದರಿಯ ಗಾಡಿಯನ್ನು ಕಂಪನಿಯೇ ಕೊಡುತ್ತಿತ್ತು. ಎಥನಾಲ್ ಸ್ಪರ್ಧೆಗೆ ಮೊದಲ ವರ್ಷ ಶೆವ್ರೊಲೆ ಮಾಲಿಬು, ಆಮೇಲೆ ಸಿಲ್ವರಾಡೊ ಪಿಕಪ್. ವೇಗಕ್ಕೆ ಮಾತ್ರ ಅಂಕವಲ್ಲ. ಹೊಗೆ ಎಷ್ಟು, ಇಂಧನ ಎಷ್ಟು ಖರ್ಚು, ಚಳಿಯಲ್ಲಿ ಸ್ಟಾರ್ಟ್ ಆಗುತ್ತದಾ, ಇದಕ್ಕೆಲ್ಲ ಅಂಕ. ಓಡಿಸಲು ಜಾಗ, ಅಳೆಯಲು ಉಪಕರಣ, ಸುರಕ್ಷತೆ ನೋಡಲು ಇನ್‌ಸ್ಪೆಕ್ಟರ್, ಎಲ್ಲವನ್ನೂ ಹಿರಿಯರೇ ಒದಗಿಸುತ್ತಿದ್ದರು. ಹುಡುಗರು ತಲೆ ಮತ್ತು ಕೈ ತಂದರೆ ಸಾಕಿತ್ತು.

ನಮ್ಮವರು ಕೈಕಟ್ಟಿ ಕೂತಿಲ್ಲ. ಆರ್.ವಿ. ಕಾಲೇಜಿನ ಅಶ್ವ ರೇಸಿಂಗ್, ಮಣಿಪಾಲದ ಸೋಲಾರ್‌ಮೊಬಿಲ್ ಇಂಥ ತಂಡಗಳ ಹೆಸರು ದೇಶಕ್ಕೆಲ್ಲ ಗೊತ್ತು. ಬಾಹಾ ಸ್ಪರ್ಧೆಗೆ ಮಧ್ಯಪ್ರದೇಶದ ಪೀತಂಪುರಕ್ಕೆ ಹೋಗುತ್ತಾರೆ, ಫಾರ್ಮುಲಾ ಭಾರತ್ ಸ್ಪರ್ಧೆಗೆ ಕೊಯಮತ್ತೂರಿನ ಕರಿ ಟ್ರ್ಯಾಕ್‌ಗೆ ಹೋಗುತ್ತಾರೆ. ಆದರೆ ಅವೆಲ್ಲ ಮೊದಲಿನಿಂದ ಹೊಸದಾಗಿ ಕಟ್ಟಿದ ಸಣ್ಣ ರೇಸ್ ಗಾಡಿಗಳು. ರಸ್ತೆಯಲ್ಲಿ ಈಗಾಗಲೇ ಓಡುತ್ತಿರುವ ಕೋಟಿ ಗಾಡಿಗಳ ಗತಿಯೇನು ಅನ್ನುವ ಪ್ರಶ್ನೆಗೆ ಅಲ್ಲಿ ಉತ್ತರ ಸಿಗುವುದಿಲ್ಲ. ಬೆಂಗಳೂರಿನಲ್ಲಿ ನೋಂದಣಿಯಾದ ವಾಹನಗಳೇ ಒಂದು ಕೋಟಿ ದಾಟಿವೆ. ಎಲ್ಲರೂ ನಾಳೆಯೇ ಹೊಸ ಎಲೆಕ್ಟ್ರಿಕ್ ಕಾರು ಕೊಳ್ಳುತ್ತಾರೆ ಎಂದು ನಂಬುವಷ್ಟು ಸಾಹುಕಾರರ ಪೈಕಿ ನಾನಿಲ್ಲ.

ಸುರಕ್ಷತೆಯ ಮಾತಿಗೆ ಬರುತ್ತೇನೆ. ನಿಮ್ಮ ಭಯ ಸುಳ್ಳಲ್ಲ. ಮನೆಯ ಸಿಲಿಂಡರ್ ಅನ್ನು ಓಮ್ನಿ ಒಳಗೆ ಇಟ್ಟು ಓಡಿಸಿದ ಪುಣ್ಯಾತ್ಮರನ್ನು ನಾನೂ ನೋಡಿದ್ದೇನೆ, ಬೈದು ಕಳಿಸಿದ್ದೇನೆ. ನನ್ನ ಅಭಿಪ್ರಾಯ ಕೇಳಿದರೆ, ಸಿಎನ್‌ಜಿ ಮತ್ತು ಎಲ್‌ಪಿಜಿಯನ್ನು ವಿದ್ಯಾರ್ಥಿಗಳ ಪ್ರಯೋಗದಿಂದ ಹೊರಗಿಡಿ. ಸಿಎನ್‌ಜಿ ಸಿಲಿಂಡರ್ ಒಳಗೆ 200 ಬಾರ್ ಒತ್ತಡ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ಗ್ಯಾರೇಜಿನ ಗುಂಡಿಯಲ್ಲಿ ಹೋಗಿ ಕೂರುತ್ತದೆ, ಒಂದು ಕಿಡಿ ಸಾಕು. ಅದನ್ನು ಅನುಮೋದಿತ ಕಿಟ್‌ನಲ್ಲೇ ಕಲಿಯಲಿ. ಎಥನಾಲ್, ಬಯೋಡೀಸೆಲ್ ಹಾಗಲ್ಲ. ಇವೂ ಉರಿಯುತ್ತವೆ, ಆದರೆ ಮಾಮೂಲಿ ಟ್ಯಾಂಕಿನಲ್ಲಿ, ಮಾಮೂಲಿ ಒತ್ತಡದಲ್ಲಿ ಇರುತ್ತವೆ. ಪೆಟ್ರೋಲ್ ಮುಟ್ಟುವವನಿಗೆ ಇರಬೇಕಾದ ಎಚ್ಚರವೇ ಇಲ್ಲಿಯೂ ಬೇಕು. ಬ್ಯಾಟರಿ ಗಾಡಿಗೆ ಪ್ರತ್ಯೇಕ ನಿಯಮಗಳು ಈಗಾಗಲೇ ಇವೆ, ಅದರ ಬಗ್ಗೆ ಮಾತಾಡುವವರೂ ಬೇಕಾದಷ್ಟು ಜನ ಇದ್ದಾರೆ. ನಾನು ಬಿಡುತ್ತೇನೆ.

ಇನ್ನೊಂದು ತಮಾಷೆ ಇದೆ. ಪ್ರಯೋಗಕ್ಕೆ ನೀರಿಲ್ಲದ ಶುದ್ಧ ಎಥನಾಲ್ ಬೇಕಾದರೆ ಅಬಕಾರಿ ಇಲಾಖೆಯ ಪರವಾನಗಿ ತರಬೇಕು. 2024ರ ಮಾರ್ಚ್‌ನಲ್ಲಿ ಕರ್ನಾಟಕವೂ ಸೇರಿ ಕೆಲವು ರಾಜ್ಯಗಳ ಬಂಕ್‌ಗಳಲ್ಲಿ ಎಥನಾಲ್ 100 ಎಂಬ ಇಂಧನ ಬಂತು. ಆದರೆ ಅದರಲ್ಲೂ ಸ್ವಲ್ಪ ಪೆಟ್ರೋಲ್ ಬೆರೆತಿರುತ್ತದೆ. ಮನುಷ್ಯ ಕುಡಿಯುವುದಕ್ಕಾದರೆ ಬೀದಿಗೊಂದು ಅಂಗಡಿ, ಎಂಜಿನ್‌ಗೆ ಕುಡಿಸುವುದಕ್ಕೆ ಅರ್ಜಿ, ಮುಚ್ಚಳಿಕೆ. ನೀವು ಅಬಕಾರಿ ಆಯುಕ್ತರ ಜೊತೆ ಒಮ್ಮೆ ಮಾತಾಡಿದರೆ ಕಾಲೇಜುಗಳಿಗೆ ಒಂದೇ ಕಾಗದದಲ್ಲಿ ಇದೂ ಮುಗಿಯಬಹುದು.

ಈಗ ನಿಮ್ಮ ಕೈಯಲ್ಲಿ ಏನಿದೆ ಅನ್ನುವುದನ್ನು ನೋಡೋಣ. ಜ್ಞಾನಭಾರತಿಯಲ್ಲಿ ನಿಮ್ಮದೇ ಡ್ರೈವಿಂಗ್ ಟೆಸ್ಟ್ ಟ್ರ್ಯಾಕ್ ಇದೆ. ತಿರುವು ಇದೆ, ಏರು ಇದೆ, ಕ್ಯಾಮೆರಾ ಇದೆ. ರಜೆ ದಿನ ಲೈಸೆನ್ಸ್ ಪರೀಕ್ಷೆ ಇಲ್ಲದಾಗ ತಿಂಗಳಿಗೆ ಒಂದೆರಡು ದಿನ ಅದನ್ನು ಕಾಲೇಜು ತಂಡಗಳಿಗೆ ಬಿಟ್ಟುಕೊಡಿ. ಗೇಟ್ ಹಾಕಿದ ಜಾಗ, ಸಾರ್ವಜನಿಕ ರಸ್ತೆಯಲ್ಲ. ಒಬ್ಬ ಮೋಟಾರು ವಾಹನ ಇನ್‌ಸ್ಪೆಕ್ಟರ್ ಇರಲಿ. ಅವರು ಬ್ರೇಕ್, ಇಂಧನದ ಪೈಪು, ಎಂಜಿನ್ ತಕ್ಷಣ ನಿಲ್ಲಿಸುವ ಕಿಲ್ ಸ್ವಿಚ್, ಬೆಂಕಿ ಆರಿಸುವ ಸಿಲಿಂಡರ್ ನೋಡಿ ಸಹಿ ಹಾಕಿದ ಮೇಲೆ ಗಾಡಿ ಒಳಗೆ ಹೋಗಲಿ. ಇದಕ್ಕೆ ದೆಹಲಿಯನ್ನು ಕೇಳಬೇಕಾಗಿಲ್ಲ.

ದೆಹಲಿಯನ್ನು ಕೇಳಬೇಕಾದದ್ದು ಬೇರೆ ಇದೆ. ನೋಂದಣಿಯಿಲ್ಲದ ಗಾಡಿಯನ್ನು ರಸ್ತೆಗೆ ತರಲು ಡೀಲರ್‌ಗಳಿಗೆ, ತಯಾರಕರಿಗೆ, ಪರೀಕ್ಷಾ ಸಂಸ್ಥೆಗಳಿಗೆ ಟ್ರೇಡ್ ಸರ್ಟಿಫಿಕೇಟ್ ಕೊಡುತ್ತೀರಿ. ಕೇಂದ್ರ ಸರ್ಕಾರ ಹೆಸರಿಸಿದ ಬೇರೆ ಸಂಸ್ಥೆಗೂ ಕೊಡಬಹುದು ಎಂದು 2022ರ ತಿದ್ದುಪಡಿಯಲ್ಲಿದೆ. ಮಾನ್ಯತೆ ಪಡೆದ ಎಂಜಿನಿಯರಿಂಗ್ ಕಾಲೇಜುಗಳನ್ನು ಅದರಲ್ಲಿ ಸೇರಿಸಿ ಎಂದು ರಾಜ್ಯದಿಂದ ಒಂದು ಪತ್ರ ಹೋಗಲಿ. ಷರತ್ತು ಎಷ್ಟು ಬೇಕಾದರೂ ಹಾಕಿ. ಹಗಲು ಹೊತ್ತು ಮಾತ್ರ, ಗೊತ್ತು ಮಾಡಿದ ದಾರಿ, ವೇಗದ ಮಿತಿ, ಕಾಲೇಜಿನ ಹೆಸರಲ್ಲೇ ಇನ್ಶೂರೆನ್ಸ್, ಹಿಂದೆ ಒಂದು ಬೆಂಗಾವಲು ಗಾಡಿ. ಹುಡುಗರು ಒಪ್ಪುತ್ತಾರೆ. ಕತ್ತಲಲ್ಲಿ ಓಡಿಸುವುದು ಅವರಿಗೇನು ಇಷ್ಟವೇ?

ಗಾಡಿಗಳೂ ನಿಮ್ಮಲ್ಲೇ ಇವೆ. 2023ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ನವೀಕರಣ ನಿಂತಿದೆ, ಅವು ನೋಂದಾಯಿತ ಗುಜರಿ ಕೇಂದ್ರಕ್ಕೇ ಹೋಗಬೇಕು. ಕಚೇರಿಗಳ ಹಿಂದೆ ಬಿಸಿಲಲ್ಲಿ ಒಣಗುತ್ತಿರುವ ಬೊಲೆರೊ, ಸುಮೊ, ಅಂಬಾಸಿಡರ್‌ಗಳನ್ನು ನೋಡಿದಾಗೆಲ್ಲ ನನ್ನ ಕೈ ತುರಿಸುತ್ತದೆ. ಚಾಸಿ ಗುಜರಿಗೆ ಹೋಗಲಿ, ಕಾನೂನು ಮುರಿಯಬೇಡಿ. ಎಂಜಿನ್, ಗೇರ್‌ಬಾಕ್ಸ್ ಆದರೂ ಕಾಲೇಜಿಗೆ ಸಿಗುವಂತೆ ಮಾಡಿ. ಬೊಲೆರೊದ ಡೀಸೆಲ್ ಎಂಜಿನ್ ಹೊಂಗೆ ಬಯೋಡೀಸೆಲ್‌ಗೆ ಹೇಳಿ ಮಾಡಿಸಿದ ಹಾಗಿದೆ. ಹಸಿ ಹೊಂಗೆ ಎಣ್ಣೆ ಡೀಸೆಲ್‌ಗಿಂತ ಸುಮಾರು ಹತ್ತು ಪಟ್ಟು ಮಂದ, ನೇರ ಹಾಕಿದರೆ ಇಂಜೆಕ್ಟರ್ ಕಟ್ಟಿಕೊಳ್ಳುತ್ತದೆ. ಮೆಥನಾಲ್ ಮತ್ತು ಕ್ಷಾರ ಸೇರಿಸಿ, ಗ್ಲಿಸರಿನ್ ಕೆಳಗೆ ಇಳಿಸಿ, ತೊಳೆದು, ಒಣಗಿಸಿ ಬಯೋಡೀಸೆಲ್ ಮಾಡುವುದನ್ನು ಕೆಮಿಕಲ್ ವಿಭಾಗದ ಮಕ್ಕಳು ಕಲಿಯಲಿ, ಓಡಿಸುವುದನ್ನು ಮೆಕ್ಯಾನಿಕಲ್‌ನವರು ಕಲಿಯಲಿ.

ನನಗೊಂದು ಆಸೆಯೂ ಇದೆ, ಹೇಳಿಬಿಡುತ್ತೇನೆ. ಕರ್ನಾಟಕದ್ದೇ ಒಂದು ಸ್ಪರ್ಧೆ. ಎಲ್ಲ ತಂಡಕ್ಕೂ ಒಂದೇ ಮಾದರಿಯ ಹಳೆ ಗಾಡಿ. ಬೆಳಗಿನ ಚಳಿಯಲ್ಲಿ ಸ್ಟಾರ್ಟ್, ನಂದಿ ಬೆಟ್ಟದ ಏರು, ಆಮೇಲೆ ಬೆಂಗಳೂರಿನಿಂದ ಬೆಳಗಾವಿಗೆ ಓಟ. ಹಾಸನದ ಹೊಂಗೆ, ಬೆಳಗಾವಿ ಕಡೆಯ ಕಬ್ಬಿನ ಎಥನಾಲ್. ಗೆಲ್ಲುವುದು ಮೊದಲು ಮುಟ್ಟಿದವನಲ್ಲ, ಕಡಿಮೆ ಶಕ್ತಿಯಲ್ಲಿ, ಕಡಿಮೆ ಹೊಗೆಯಲ್ಲಿ ಮುಟ್ಟಿದವನು. ಹೊಗೆ ಅಳೆಯುವಾಗ ಬಂಕ್ ಪಕ್ಕದ ಎಮಿಷನ್ ಟೆಸ್ಟ್ ಸಾಲದು. ಎಥನಾಲ್ ಉರಿದಾಗ ಆಲ್ಡಿಹೈಡ್‌ಗಳು ಜಾಸ್ತಿ ಬರುತ್ತವೆ, ಆ ಯಂತ್ರ ಅದನ್ನು ನೋಡುವುದೇ ಇಲ್ಲ.

ಕುಲಪತಿಗಳಿಗೆ ಎರಡು ಮಾತು. ಕೊನೆಯ ವರ್ಷದ ಪ್ರಾಜೆಕ್ಟ್ ಅನ್ನು ದುಡ್ಡು ಕೊಟ್ಟು ರೆಡಿಮೇಡ್ ತರುವ ಅಂಗಡಿಗಳು ಬೆಂಗಳೂರಿನಲ್ಲಿ ಎಲ್ಲಿವೆ ಅನ್ನುವುದು ಪ್ರತಿ ವಿದ್ಯಾರ್ಥಿಗೂ ಗೊತ್ತು. ಅಲ್ಲಿ ಕೊಂಡವನಿಗೂ, ರಾತ್ರಿಯೆಲ್ಲ ಗ್ರೀಸ್ ಮೆತ್ತಿಕೊಂಡವನಿಗೂ ಬರುವ ಅಂಕ ಹೆಚ್ಚುಕಡಿಮೆ ಒಂದೇ. ಮೇಲಾಗಿ ಇವನಿಗೆ ಹಾಜರಿ ಕೊರತೆ ಬೇರೆ, 85 ಶೇಕಡಾ ಆಗದೆ ವಿಭಾಗದ ಮುಖ್ಯಸ್ಥರ ಬಾಗಿಲಲ್ಲಿ ನಿಲ್ಲುತ್ತಾನೆ. ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯವರು 1977ರಿಂದ ವಿದ್ಯಾರ್ಥಿ ಪ್ರಾಜೆಕ್ಟ್‌ಗಳಿಗೆ ಹಣ ಕೊಡುತ್ತಿದ್ದಾರೆ, ಅವರಿಗೆ ದೊಡ್ಡ ನಮಸ್ಕಾರ. ಆದರೆ ಅದು ಕೆಲವು ಸಾವಿರ ರೂಪಾಯಿ, ಒಂದು ಇಂಜೆಕ್ಟರ್ ಸೆಟ್‌ಗೇ ಖರ್ಚಾಗಿಬಿಡುತ್ತದೆ. ಗಾಡಿ ಬದಲಾಯಿಸುವ ತಂಡದ ಕೆಲಸವನ್ನು ಪ್ರಾಜೆಕ್ಟ್ ಎಂದು ಒಪ್ಪಿ ಕ್ರೆಡಿಟ್ ಕೊಡಿ, ಟ್ರ್ಯಾಕ್‌ನಲ್ಲಿ ಕಳೆದ ದಿನಕ್ಕೆ ಹಾಜರಿ ಕೊಡಿ. ವೈವಾ ಮಾಡುವವರು ಪವರ್‌ಪಾಯಿಂಟ್ ನೋಡುವ ಬದಲು ಬಾನೆಟ್ ತೆಗೆಸಿ ನೋಡಲಿ.

ಆಯುಕ್ತರೇ, ಟ್ರ್ಯಾಕ್‌ನ ಆದೇಶ ಏಳನೇ ಸೆಮಿಸ್ಟರ್ ಶುರುವಾಗುವ ಮೊದಲು ಬಂದರೆ ಈ ಸಲದ ತಂಡಗಳಿಗೇ ಉಪಯೋಗವಾಗುತ್ತದೆ. ತಡವಾದರೆ ಅವರು ಪಾಸಾಗಿ ಯಾವುದಾದರೂ ಸಾಫ್ಟ್‌ವೇರ್ ಕಂಪನಿಗೆ ಸೇರಿರುತ್ತಾರೆ. ತಪಾಸಣೆಯ ಪಟ್ಟಿಯಲ್ಲಿ ಏನೇನು ಇರಬೇಕು ಎಂದು ನಿಮ್ಮ ಇನ್‌ಸ್ಪೆಕ್ಟರ್‌ಗಳ ಜೊತೆ ಕೂತು ಬರೆಯಲು ನಾನು ಸಿದ್ಧ. ಪೀಣ್ಯದಲ್ಲಿ ನನ್ನಂಥವರು ಇನ್ನೂ ಹಲವರು ಬರುತ್ತಾರೆ. ಸಂಬಳ ಬೇಡ, ಭಾನುವಾರವಾದರೆ ಸಾಕು.

ಇಂತಿ,
ಪೀಣ್ಯದ ಒಬ್ಬ ಗ್ಯಾರೇಜಿನವನು